ಸೂಖೋಬೋರಿನ ಮರ್ಯಾದೆ

ಮಾರ್ಚ್ ತಿಂಗಳು ಅರ್ಧ ಕಳೆದಿತ್ತು. ಹೆಪ್ಪುಗಟ್ಟಿದ ಹೊಳೆಯ ಮೇಲೆ ಮಂಜುಗಡ್ಡೆ ಕೊಯ್ಯುವ ಕೆಲಸ ಬೆಳಗಿನಿಂದಲೇ ಸಾಗಿತ್ತು. ಬೇಸಿಗೆಗೆ ನೆಲಮಾಳಿಗೆಯಲ್ಲಿ ಕೂಡಿಡಲು ಗಡ್ಡೆಯನ್ನು ಗರಗಸದಿಂದ ಕೊಯ್ದು, ಕೊಕ್ಕೆ ಹಾಕಿ ಎಳೆದು, ಜಾರುಬಂಡಿಗೆ ಹೇರುತ್ತಿದ್ದರು. ಅಡಿಯಲ್ಲಿ ನೀರಿನ ಸದ್ದು ಆಗಲೇ ಬದಲಾಗಿತ್ತು. ಇನ್ನು ಹೆಚ್ಚು ದಿನ ತಡೆಯುವುದಿಲ್ಲ ಎಂದು ಕೊಯ್ಯುವವರು ಮಾತಾಡಿಕೊಂಡರು.

ದಡದಲ್ಲಿ ನಿಂತಿದ್ದ ಅಗಸೆನಾರಿನ ಗಿರಣಿಯ ಯಜಮಾನ ಸವ್ವಾತಿ ಯೆರ್ಮೋಲಾಯಿಚ್ ಆ ಮಾತು ಕೇಳಿದ್ದೇ ತನ್ನ ಬಂಡಿಯನ್ನು ಊರ ಕಡೆ ತಿರುಗಿಸಿದ. ನಾಳೆ ಸೂಖೋಬೋರಿನ ಪಟ್ಟಣಸಭೆ ತನ್ನ ಅಧ್ಯಕ್ಷನನ್ನು ಆರಿಸಲಿತ್ತು. ಅವನು ಕಾಣಬೇಕಾದ ಸದಸ್ಯರು ಇನ್ನೂ ಉಳಿದಿದ್ದರು.

ಮನೆಯಲ್ಲಿ ಗ್ಲಾಶಾ ಕೆಮ್ಮುತ್ತಿದ್ದಳು. ತಾಯಿಯಿಲ್ಲದ ಒಬ್ಬಳೇ ಮಗಳು. ಕರವಸ್ತ್ರದಲ್ಲಿ ರಕ್ತ ಕಾಣಿಸಿಕೊಂಡ ಮೇಲೆ ವೈದ್ಯರು ಮುಚ್ಚುಮರೆ ಮಾಡಿರಲಿಲ್ಲ. ಗಡ್ಡೆ ಒಡೆದು ಹವೆ ತೇವವಾಗುವ ಮುಂಚೆ ದಕ್ಷಿಣದ ಬೆಚ್ಚಗಿನ ಕಡಲ ತೀರ ಸೇರಬೇಕು. ಇಲ್ಲವಾದರೆ ಹುಡುಗಿ ಈಸ್ಟರ್ ಕಾಣಳು. ಹೋದ ಸಲ ಅತ್ತೆಯ ಜೊತೆ ಕಳಿಸಿದಾಗ ಅಪ್ಪ ಬೇಕೆಂದು ಊಟ ಬಿಟ್ಟು, ಇನ್ನಷ್ಟು ಬಡಕಲಾಗಿ ಅರ್ಧ ದಾರಿಯಿಂದ ಹಿಂದಿರುಗಿದ್ದಳು. ಅವಳ ಜೀವ ನಾಳೆಯ ಗೋಲಿಗಳ ಮೇಲೆ ನಿಂತಿದೆ ಎಂಬುದು ಅಪ್ಪನಿಗೆ ಗೊತ್ತಿತ್ತು.

ಪಟ್ಟಣಸಭೆಯ ಮತಪೆಟ್ಟಿಗೆಗೆ ಬಟ್ಟೆಯ ತೋಳಿರುತ್ತದೆ. ಅದರಲ್ಲಿ ಮೊಣಕೈವರೆಗೆ ಕೈ ತೂರಿಸಿ, ಗೋಲಿಯನ್ನು ಬಲದ ಅರೆಗೆ ಬಿಟ್ಟರೆ ಒಪ್ಪಿಗೆ, ಎಡದ ಅರೆಗೆ ಬಿಟ್ಟರೆ ನಿರಾಕರಣೆ. ಯಾರ ಕೈ ಎತ್ತ ಹೋಯಿತೆಂದು ಹೊರಗಿನ ಕಣ್ಣಿಗೆ ಕಾಣದು.

ಸಭೆಯ ಹಿರಿಯ ಫೆರಪೋಂಟ್ ಅಜ್ಜ ತನ್ನ ಹಿಟ್ಟಿನಂಗಡಿಯ ಮುಂದೆ ಹಿಮ ಗುಡಿಸುತ್ತಿದ್ದ. ಸವ್ವಾತಿ ಬಂಡಿ ಇಳಿದು ಅಲ್ಲೇ ಮಂಡಿಯೂರಿದ.

"ಅಜ್ಜಾ, ಆವತ್ತೇ ಕಿವೀಲಿ ಹೇಳಿದ್ನಲ್ಲ, ನಾಳೆ ಗೋಲಿ ಆ ಕಡೆಗೇ ಬೀಳಬೇಕು. ನಿಮ್ಮ ಕಾಲು ಹಿಡೀತೀನಿ."

"ಏಳೋ ಮಗಾ, ಷರಾಯಿ ನೆನೆಯುತ್ತೆ," ಎಂದು ಅಜ್ಜ ನಕ್ಕ. "ನಿಮ್ಮಪ್ಪನೂ ಹಿಂಗೇ ಮನೆಮನೆ ಬಾಗಿಲಿಗೆ ಬಂದಿದ್ದ. ಕೇಳೋದು ನಿನ್ನ ಧರ್ಮ, ಹಾಕೋದು ನಮ್ಮ ಧರ್ಮ."

"ಇದು ಬಾಯಿಮಾತಲ್ಲ ಅಜ್ಜಾ. ನನ್ನ ಗ್ಲಾಶಾ ಉಳಿಯಲ್ಲ."

"ಥೂ, ಬಿಡ್ತು ಅನ್ನು! ಅಪ್ಪನ ತಲೆ ಮೇಲೆ ಊರಿನ ಆಶೀರ್ವಾದ ಬಿದ್ರೆ ಮಗಳಿಗೂ ತಟ್ಟುತ್ತೆ. ಹೋದ ವರ್ಷ ಹೊಳೆ ಉಕ್ಕಿದಾಗ ಆ ಹಳೆ ಅಧ್ಯಕ್ಷ ಹೆಂಡತಿ ತುಪ್ಪಳದ ಕೋಟು, ಬೆಳ್ಳಿ ಲೋಟ ಎಲ್ಲಾ ಹೇರ್ಕೊಂಡು ಓಡಿದ. ನೀನು ಓಡೋ ಪೈಕಿ ಅಲ್ಲ. ನಿನ್ನ ಮಾತು ಇನ್ನೂ ನಮ್ಮ ಕಿವೀಲಿದೆ."

ಆ ಮಾತು ಊರಿಗೆಲ್ಲ ಬಾಯಿಪಾಠ. ಗಿರಣಿಗೆ ಬೆಂಕಿ ಬಿದ್ದ ದಿನ ಊರಿಗೆ ಊರೇ ನೀರು ಹೊತ್ತು ಓಡಿಬಂದಿತ್ತು. ಉರಿಯುವ ತೊಲೆಯ ಕೆಳಗೆ ಸಿಕ್ಕಿ ಇಬ್ಬರು ಸತ್ತರು. ಗಿರಣಿ ಉಳಿಯಿತು. ಬೂದಿಯಲ್ಲಿ ನಿಂತ ಸವ್ವಾತಿ ಶಿಲುಬೆಗೆ ಮುತ್ತಿಟ್ಟು, ಈ ಊರು ಏನೇ ಕೇಳಲಿ, ತನ್ನ ಬಾಯಲ್ಲಿ ಇಲ್ಲ ಎಂಬ ಮಾತು ಬರದು ಎಂದಿದ್ದ. ಆ ಋಣವೇ ಅವನನ್ನು ರಾಜಕೀಯಕ್ಕೆ ಎಳೆದು ತಂದದ್ದು. ಸದಸ್ಯನಾಗಿ ಆಸ್ಪತ್ರೆ ಕಟ್ಟಿಸಿದ, ಹೊಳೆಗೆ ಒಡ್ಡು ಹಾಕಿಸಿದ.

ಮನೆಯಿಂದ ಮನೆಗೆ ಅಲೆದು, ಕೊನೆಗೆ ಅವನು ಎದುರಾಳಿ ಪಾಫ್ನೂತಿ ಲುಕಿಚ್‌ನ ಪಡಖಾನೆಗೇ ಹೋದ. ಪಾಫ್ನೂತಿ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳೆಂದೂ ನೋಡದೆ ಸದಸ್ಯರಿಗೆ ವೋಡ್ಕಾ ಹೊಯ್ಯುತ್ತಿದ್ದ.

"ಬನ್ನಿ, ಬನ್ನಿ! ತೋಳನ ಮನೆಗೆ ಕುರಿ ತಾನಾಗೇ ಬಂತು!"

"ಏನು ಬೇಕೋ ಕೇಳಿ, ಪಾಫ್ನೂತಿ ಲುಕಿಚ್. ಗಿರಣೀಲಿ ಪಾಲು ಬೇಕಾ? ಕೊಟ್ಟೆ. ನಾಳೆ ಒಂದು ದಿನ ಮಾತ್ರ ನೀವು..."

ಪಾಫ್ನೂತಿಯ ನಗು ನಿಂತಿತು. "ನನ್ನನ್ನ ಕೊಂಡ್ಕೊಳ್ಳೋಕೆ ಬಂದ್ರಾ? ನಾನು ಹೆಂಡ ಮಾರೋನು, ಸ್ವಾಮೀ. ನನ್ನನ್ನೇ ಮಾರ್ಕೊಳ್ಳೋನಲ್ಲ." ಆಮೇಲೆ ದನಿ ತಗ್ಗಿಸಿದ. "ಅಷ್ಟೊಂದು ಆಸೆನಾ ಆ ಕುರ್ಚಿ ಮೇಲೆ? ಆಯ್ತಪ್ಪಾ. ನನ್ನ ಹೆಸರು ವಾಪಸ್ ತಗೋತೀನಿ. ಬಿಟ್ಟಿಯಾಗಿ. ಮಗಳು ಹುಷಾರಾಗ್ಲಿ."

ಸವ್ವಾತಿ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಬೇಡ. ದೇವರಾಣೆ, ಹಾಗೆ ಮಾತ್ರ ಮಾಡ್ಬೇಡಿ."

"ಸಾಕು ಸುಮ್ನಿರಿ, ನೀವೂ ನಿಮ್ಮ ದೊಡ್ಡಮನೆ ಮರ್ಯಾದೇನೂ!" ಎಂದು ಪಾಫ್ನೂತಿ ಅವನನ್ನು ತಬ್ಬಿ, ಕೆನ್ನೆಗೆ ಮೂರು ಸಲ ಮುತ್ತಿಟ್ಟ.

ಮರುದಿನ ಮೇಜಿನ ಮೇಲೆ ಇದ್ದದ್ದು ಒಂದೇ ಪೆಟ್ಟಿಗೆ, ಒಂದೇ ಹೆಸರು. ಸದಸ್ಯರು ಒಬ್ಬೊಬ್ಬರಾಗಿ ತೋಳಿನೊಳಗೆ ಕೈ ತೂರಿಸಿದರು. ಕೈ ಹೊರತೆಗೆದವರೆಲ್ಲ ಸವ್ವಾತಿಯ ಕಡೆ ನೋಡಿ ಕಣ್ಣು ಮಿಟುಕಿಸಿದರು. ಕೊನೆಯ ಸರದಿ ಅವನದು.

ಬಲಗಡೆಯ ಅರೆಯನ್ನು ಎಳೆದಾಗ ಗೋಲಿಗಳು ತುಂಬಿ ಮೇಜಿನ ಮೇಲೆಲ್ಲ ಉರುಳಿದವು. ಸಭೆ ಎದ್ದು ನಿಂತು ಕೂಗಿತು. ಎಡಗಡೆಯದನ್ನು ತೆರೆಯುವ ತಾಳ್ಮೆ ಯಾರಿಗೂ ಇರಲಿಲ್ಲ. ಪಾದ್ರಿ ಶಿಲುಬೆ ಹಿಡಿದು ಮುಂದೆ ಬಂದ. ಹೊಳೆ ಉಕ್ಕಿ ಇಳಿಯುವವರೆಗೆ ಊರು ಬಿಟ್ಟು ಕದಲೆನು ಎಂಬುದು ಅಧ್ಯಕ್ಷನಾದವನ ಪ್ರಮಾಣ; ಹಳೆಯ ಅಧ್ಯಕ್ಷ ಓಡಿಹೋದ ಮೇಲೆ ಹೊಸದಾಗಿ ಸೇರಿಸಿದ್ದು.

"ಒಪ್ಪಿಗೆಯೇ, ಸವ್ವಾತಿ ಯೆರ್ಮೋಲಾಯಿಚ್?"

ಸವ್ವಾತಿ ಸಭೆಯ ಕಡೆ ತಿರುಗಿದ. ಗಿರಣಿಯ ಬೆಂಕಿಯಲ್ಲಿ ಸತ್ತ ಇಬ್ಬರ ಅಣ್ಣತಮ್ಮಂದಿರೂ ಅಲ್ಲಿದ್ದರು.

"ಒಪ್ಪಿಗೆ."

"ಋಣ ತೀರಿಸಿಬಿಟ್ಟೆ ಕಣೋ ಮಗಾ!" ಎಂದು ಫೆರಪೋಂಟ್ ಅಜ್ಜ ಕಣ್ಣೊರೆಸಿಕೊಂಡ. "ಆರಿಸೋಕೆ ಮುಂಚೆ ಬೇಡ ಬೇಡ ಅಂತ ಗೋಗರೆಯೋದು ನಮ್ಮೂರ ಪದ್ಧತಿ, ನಿಜ. ಆದ್ರೆ ನಿನ್ನಷ್ಟು ಚೆನ್ನಾಗಿ ಯಾರೂ ಗೋಗರೆದಿರಲಿಲ್ಲ ಬಿಡು!"

ಎಲ್ಲರೂ ಹೋದ ಮೇಲೆ ಜವಾನ ಪೆಟ್ಟಿಗೆ ಎತ್ತಿಡುವಾಗ ಎಡಗಡೆಯ ಅರೆಯಲ್ಲಿ ಒಂದೇ ಒಂದು ಗೋಲಿ ಉರುಳಿತು: ನನ್ನನ್ನು ಸೋಲಿಸಿ ಎಂದು ಮನೆಮನೆಯಲ್ಲಿ ಮಂಡಿಯೂರಿದವನ ಬೇಡಿಕೆಯನ್ನು ನಡೆಸಿಕೊಟ್ಟದ್ದು ಅವನದೇ ಕೈ.