ಮೂರನೆಯ ಸಾಲಿನ ಉಸಿರು

“ಎರಡನೇ ಚರಣ ಶುರುವಾಗ್ತಿದ್ದ ಹಾಗೇ ಟೇಪಿನ ವೈರು ಕಿತ್ತುಬಿಡು. ಆ ಕುಣಿಯೋಳ ಮೈಕು ಮಾತ್ರ ಚಾಲೂ ಇರಲಿ. ಕಾಗೆ ಕೂಗೋದನ್ನ ಊರೆಲ್ಲ ಕೇಳಲಿ.”

ಇಷ್ಟು ಹೇಳಿ ಲೊರೆದಾನಾ ಹೆಂಚಿನ ಮೇಲಿದ್ದ ಪಿಯಾದೀನಾ ರೊಟ್ಟಿಯನ್ನು ತಿರುವಿ ಹಾಕಿದಳು. ಗೂಡಂಗಡಿಯ ಮುಂದೆ ನಿಂತಿದ್ದ ಚಿಕ್ಕಪ್ಪನ ಮಗ ಲೋರಿಸ್ ತಲೆ ಕೆರೆದುಕೊಂಡ. ಆಗಸ್ಟ್ ಹದಿನೈದರ ಬೇಸಗೆ ಹಬ್ಬಕ್ಕೆ ಚೆರ್ವಿಯಾ ಊರಿನ ಕಡಲ ದಂಡೆಯಲ್ಲಿ ಕಟ್ಟಿದ್ದ ವೇದಿಕೆಗೆ ಸೌಂಡಿನವನು ಅವನೇ.

“ಕೆಲಸ ಹೋಗುತ್ತೆ ಅಕ್ಕ. ಅಷ್ಟಕ್ಕೂ ಟೇಪಿನಲ್ಲಿರೋದು ನಿನ್ನ ದನೀನೇ ಅನ್ನೋದು ಗ್ಯಾರಂಟಿನಾ? ನಂಗ್ಯಾಕೋ ಸ್ವಲ್ಪ ತೆಳ್ಳಗೆ ಕೇಳ್ಸುತ್ತೆ.”

“ಟೇಪಿನ ಓಟ ಹೆಚ್ಚಿಸಿದಾರೆ ಕಣೋ. ನಿನ್ನನ್ನೂ ಹಂಗೆ ಓಡಿಸಿದ್ರೆ ನೀನೂ ತೆಳ್ಳಗಾಗ್ತೀಯ.”

ಲೋರಿಸ್ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಆಯಿತು ಎಂದು ತಲೆಯಾಡಿಸಿದ.

ಆ ಬೇಸಗೆಯಲ್ಲಿ ‘ಜಂಪ್ ಇನ್ ಮೈ ಸಂಡೇ’ ಎಂಬ ಹಾಡಿನಿಂದ ತಪ್ಪಿಸಿಕೊಂಡವರು ಕಿವುಡರು ಮಾತ್ರ. ನಿರ್ಮಾಪಕ ಓರಿಯಾನೊ ನಿಘಂಟು ತೆರೆದಿಟ್ಟುಕೊಂಡು ಬರೆದ ಇಂಗ್ಲಿಷು ಅದು. ಯಾರಾದರೂ ಅರ್ಥ ಕೇಳಿದರೆ ಡ್ರಮ್ಮಿನ ಸದ್ದು ಜೋರು ಮಾಡುತ್ತಿದ್ದ. ಜೂನ್ ಮೊದಲ ವಾರ ಹಾಡಿನ ಡಿಸ್ಕು ಅಂಗಡಿಗಳಿಗೆ ಬಂತು. ತಿಂಗಳು ತುಂಬುವುದರೊಳಗೆ ದಂಡೆಯಲ್ಲಿ ಕೊಡೆ ಬಾಡಿಗೆಗೆ ಕೊಡುವವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಗುನುಗುತ್ತಿದ್ದರು. ತಲೆನೋವಿಗೆ ತಾಳ ಹಾಕಿದಂತಿದೆ ಎಂದು ಪತ್ರಿಕೆಯೊಂದು ಉಗಿದ ಮೇಲಂತೂ ಮಾರಾಟ ಇಮ್ಮಡಿಯಾಯಿತು.

ಡಿಸ್ಕಿನ ಹೊದಿಕೆಯ ಮೇಲೆ ಬೆಳ್ಳಿ ಬಣ್ಣದ ಬೂಟು ತೊಟ್ಟ ಹುಡುಗಿ. ಹೆಸರು ಕೊಮೆಟ್, ಊರು ಲಂಡನ್ ಎಂದು ಅಚ್ಚಾಗಿತ್ತು. ನಿಜದಲ್ಲಿ ಅವಳು ಪಕ್ಕದ ಫೋರ್ಲಿಯ ತಮಾರಾ. ಚಪ್ಪಲಿ ಜಾಹೀರಾತಿನಲ್ಲಿ ಕಾಲು ತೋರಿಸಿದ್ದೇ ಅದುವರೆಗಿನ ಸಾಧನೆ. ಇದರಲ್ಲಿ ಯಾರಿಗೂ ಅಚ್ಚರಿ ಇರಲಿಲ್ಲ. ಚಂದದವಳನ್ನು ಮುಂದೆ ಕುಣಿಸಿ, ಹಾಡುವವಳನ್ನು ಮರೆಯಲ್ಲಿ ಕೂರಿಸುವುದು ಈ ಕಸುಬಿನ ಪದ್ಧತಿ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಬಾಯಿ ಬಿಟ್ಟವಳು ಲೊರೆದಾನಾ ಒಬ್ಬಳೇ. ವಯಸ್ಸು ನಲವತ್ತಾರು, ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಹಾಡಿದ ಕಂಠ. ಆ ಮಾರ್ಚಿನಲ್ಲಿ ಓರಿಯಾನೊ ಅವಳನ್ನು ಸ್ಟುಡಿಯೋಗೆ ಕರೆಸಿ ಒಂದು ಮಧ್ಯಾಹ್ನ ಇದೇ ಹಾಡನ್ನು ಹಾಡಿಸಿದ. ಸಾಕು, ನಾಳೆ ಬರುವುದು ಬೇಡ ಎಂದು ಕಳುಹಿಸಿಕೊಟ್ಟ. ಒಂದೇ ಮಧ್ಯಾಹ್ನಕ್ಕೆ ಕೆಲಸ ಮುಗಿಸಿಕೊಟ್ಟೆ ಎಂದು ಅವಳು ಬೀಗಿದಳು. ಮರುದಿನದಿಂದ ತಮಾರಾ ಅದೇ ಸ್ಟುಡಿಯೋಗೆ ಮೂರು ದಿನ ಹೋದಳಂತೆ. ಬಾಯಿ ತೆಗೆದು ಮುಚ್ಚುವುದನ್ನು ಕಲಿಯಲು ಮೂರು ದಿನವೇ ಎಂದು ಲೊರೆದಾನಾ ಬೀದಿಗೆಲ್ಲ ಹೇಳಿ ನಕ್ಕಳು.

ಹಾಡಿನ ಪ್ರತಿ ಚರಣದಲ್ಲೂ ಮೂರನೆಯ ಸಾಲಿಗೆ ಮುಂಚೆ ಒಂದು ಪುಟ್ಟ ಉಸಿರು ಸಿಕ್ಕಿಕೊಂಡು ಬಿಡುತ್ತದೆ, ಬಿಕ್ಕಿದ ಹಾಗೆ. ಕೇಳುಗರು ಮರುಳಾದದ್ದೇ ಅದಕ್ಕೆ. ಅದು ಉಪ್ಪಿನ ಗದ್ದೆಯ ಗಾಳಿ ಕುಡಿದು ಬೆಳೆದ ತನ್ನ ಎದೆಯ ಗುರುತು ಎನ್ನುತ್ತಿದ್ದಳು ಲೊರೆದಾನಾ. ರೇಡಿಯೋದಲ್ಲಿ ಕೇಳುವವರೆಗೂ ತನ್ನಲ್ಲಿ ಅಂಥದ್ದೊಂದು ಉಸಿರಿದೆಯೆಂದು ಅವಳಿಗೇ ತಿಳಿದಿರಲಿಲ್ಲ. ಈಗ ಆ ಸಾಲು ಹತ್ತಿರ ಬಂದರೆ ಸಾಕು, ರೊಟ್ಟಿ ಕರಕಲಾದರೂ ಸರಿಯೆ, ಸಟ್ಟುಗ ಎತ್ತಿ ಗಿರಾಕಿಗಳನ್ನು ಸುಮ್ಮನಾಗಿಸುತ್ತಿದ್ದಳು. ಉಸಿರು ಬಂದಾಗ ಎಲ್ಲರೂ ಅವಳ ಕಡೆ ತಿರುಗಿ ತಲೆದೂಗಬೇಕು. ಬೀದಿಗೆ ಅದು ಅಭ್ಯಾಸವೇ ಆಗಿಹೋಗಿತ್ತು.

ಚಳಿಗಾಲದ ಹೊತ್ತಿಗೆ ಎರಡನೆಯ ಡಿಸ್ಕು ಬರುವುದಿತ್ತು. ಅದರ ಮೇಲೆ ತನ್ನ ಹೆಸರಿರಬೇಕು, ಅಷ್ಟೇ ಅವಳ ಆಸೆ. ಮದುವೆ ಮನೆಗಳಲ್ಲಿ ಇಪ್ಪತ್ತು ವರ್ಷ ಅವಳ ಹಾಡಿಗೆ ಕುಣಿದವರು ಒಬ್ಬರೂ ಹೆಸರು ಕೇಳಿರಲಿಲ್ಲ. ಆ ನೋವು ಸುಳ್ಳಲ್ಲ. ಕೇಳಿಯೇಬಿಡೋಣವೆಂದು ಅವಳು ಓರಿಯಾನೊನ ಬಳಿ ಹೋದಳು. ಅವನು ಬಹಳ ಹೊತ್ತು ಕನ್ನಡಕ ಒರೆಸಿದ.

“ಆ ದನಿ ನಂದು ಅಂತ ಹೇಳ್ಕೊಂಡು ತಿರುಗ್ಬೇಡ ಲೊರೆದಾನಾ,” ಎಂದ. “ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.”

ಬೆದರಿಕೆ ಹಾಕಿದ ಎಂದು ಅವಳು ಕುದಿದುಹೋದಳು. ವೈರು ಕೀಳಿಸುವ ಯೋಚನೆ ಹುಟ್ಟಿದ್ದು ಆಗಲೇ.

ಹಬ್ಬದ ಸಂಜೆ ಆರಕ್ಕೆ ತಮಾರಾ ಬಂದಳು. ಬೆವರು ಧಾರೆಯಾಗಿ ಸುರಿಯುವ ಸೆಕೆಯಲ್ಲಿ ಅವಳ ಕೊರಳಿಗೆ ಉಣ್ಣೆಯ ಶಾಲು. ಕೈಯಲ್ಲಿ ಜೇನು ಬೆರೆಸಿದ ಬಿಸಿ ಹಾಲಿನ ಫ್ಲಾಸ್ಕು. ಯಾರೇನು ಕೇಳಿದರೂ ಕತ್ತು ಆಡಿಸಿದಳೇ ಹೊರತು ಒಂದು ಮಾತಾಡಲಿಲ್ಲ.

“ನೋಡ್ದಾ? ಮಾತಾಡಿದ್ರೆ ಬಣ್ಣ ಬಯಲಾಗುತ್ತಲ್ಲ, ಪಾಪ,” ಎಂದಳು ಲೊರೆದಾನಾ ಲೋರಿಸನಿಗೆ.

ಅವಳು ಮದುವೆಗಳಿಗೆ ಉಡುತ್ತಿದ್ದ ನೀಲಿ ಲೇಸಿನ ಉಡುಪು ತೊಟ್ಟು, ಲೋರಿಸ್ ಕೊಟ್ಟ ಇನ್ನೊಂದು ಮೈಕನ್ನು ಬೆನ್ನ ಹಿಂದೆ ಹಿಡಿದು ವೇದಿಕೆಯ ಬುಡದಲ್ಲಿ ನಿಂತಳು. ಬೀದಿಯವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಇವತ್ತೊಂದು ತಮಾಷೆ ಇದೆ ಎಂದು ಅವಳೇ ಮನೆಮನೆಗೆ ಹೋಗಿ ಕರೆದಿದ್ದಳು.

ಹಾಡು ಶುರುವಾಯಿತು. ತಮಾರಾ ಶಾಲು ಕಿತ್ತೆಸೆದು ಕುಣಿದಳು. ಮೊದಲ ಚರಣ ಮುಗಿಯಿತು. ಲೊರೆದಾನಾ ಕಣ್ಣು ಮಿಟುಕಿಸಿದಳು, ಲೋರಿಸ್ ವೈರು ಎಳೆದ.

ಡ್ರಮ್ಮು, ಕೀಬೋರ್ಡು ಎಲ್ಲ ಒಮ್ಮೆಗೇ ಸತ್ತವು. ಲೊರೆದಾನಾ ಮೈಕನ್ನು ತುಟಿಗೆ ತಂದು ಎದೆ ತುಂಬ ಗಾಳಿ ಎಳೆದುಕೊಂಡಳು. ಆದರೆ ಹಾಡು ನಿಂತಿರಲಿಲ್ಲ. ದನಿಯೊಂದೇ ಮುಂದಕ್ಕೆ ಹೋಗುತ್ತಿತ್ತು. ಅವಳು ಸಿಟ್ಟಿನಿಂದ ಲೋರಿಸನ ಕಡೆ ನೋಡಿದಳು. ಅವನು ಕಿತ್ತ ವೈರನ್ನು, ಸತ್ತ ಹಾವನ್ನು ಹಿಡಿದವನ ಹಾಗೆ, ಎತ್ತಿ ತೋರಿಸಿದ.

ಮೂರನೆಯ ಸಾಲಿಗೆ ಮುಂಚೆ ತಮಾರಾಳ ಮೈಕಿನಲ್ಲಿ ಆ ಪುಟ್ಟ ಉಸಿರು ಬಂತು, ಅಭ್ಯಾಸದಂತೆ ಬೀದಿಯವರೆಲ್ಲ ಲೊರೆದಾನಾಳ ಕಡೆ ತಿರುಗಿದರು, ಅವಳ ಬಾಯಿ ಮುಚ್ಚಿತ್ತು.