ಎರಡೇ ತೋಟಗಳಲ್ಲಿದ್ದ ಹೂವು

ಏಳು ಕುಂಡ. ಹೆಸ್ಟರ್ ಮತ್ತೊಮ್ಮೆ ಎಣಿಸಿದಳು. ಏಳರಲ್ಲೂ ಅದೇ ಹೂವು.

ಹೊರ ಎಸಳಿನ ತುದಿಯಲ್ಲಿ ತೆಳು ಹಸಿರು, ಒಳ ಎಸಳಿನ ಮೇಲೆ ಹಕ್ಕಿಯ ಹೆಜ್ಜೆಯಂಥ ಮೂರು ಗೀರು. ಬೇರೆಯವರ ಕಣ್ಣಿಗೆ ಸ್ನೋಡ್ರಾಪ್ ಎಂದರೆ ಎಲ್ಲವೂ ತಲೆ ತಗ್ಗಿಸಿದ ಒಂದೇ ಥರದ ಬಿಳಿ ಹೂ. ನೂರಾ ನಲವತ್ತು ಬಗೆಯನ್ನು ಬೆಳೆಸಿದ ಹೆಸ್ಟರ್‌ಗೆ ಹಾಗಲ್ಲ. ಅದರಲ್ಲೂ ಇದನ್ನು ಅವಳು ಎಷ್ಟು ದೂರದಿಂದಲಾದರೂ ಗುರುತಿಸಬಲ್ಲಳು. ಈ ಹೂವು ಇರುವುದು ಎರಡೇ ತೋಟಗಳಲ್ಲಿ. ಒಂದು ಅವಳದು. ಇನ್ನೊಂದು ಗೆಳತಿ ಎನಿಡ್‌ಳದು.

ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಆ ಹಳ್ಳಿಯ ಸಭಾಭವನದಲ್ಲಿ ಫೆಬ್ರವರಿಯ ಹೂಸಂತೆ ಆಗಷ್ಟೇ ಶುರುವಾಗಿತ್ತು. ಮೇಜಿನ ಹಿಂದೆ ಉಣ್ಣೆ ಟೋಪಿಯ ಮುದುಕನೊಬ್ಬ ಕುಂಡಗಳಿಗೆ ಚೀಟಿ ಸಿಕ್ಕಿಸುತ್ತಿದ್ದ. ಚೀಟಿಯ ಮೇಲೆ 'ಕೌಲಿಂಗ್ ಗ್ರೀನ್' ಎಂದು ಬರೆದಿತ್ತು.

"ಇದು ನಿಮಗೆಲ್ಲಿ ಸಿಕ್ತು?"

"ಸಿಗೋದೇನು ಬಂತಮ್ಮಾ, ನಮ್ಮಪ್ಪ ಬೆಳೆಸಿದ್ದು. ನಾನೇ ಕೌಲಿಂಗ್. ಮೂವತ್ತು ವರ್ಷದಿಂದ ನಮ್ಮ ತೋಟದಲ್ಲಿದೆ. ಉತ್ತರದ ಕಡೆ ನಮ್ಮೂರಲ್ಲೇ ಮಾರ್ಕೊಂಡಿದ್ದೆ. ಈ ಕಡೆ ಬಂದಿದ್ದು ಇದೇ ಮೊದಲು."

ಕದ್ದ ಮಾಲು ಇಟ್ಟುಕೊಂಡವರು ಇನ್ನೇನು ಹೇಳಿಯಾರು? ಹೆಸ್ಟರ್ ಅವನೊಡನೆ ವಾದಕ್ಕಿಳಿಯಲಿಲ್ಲ. ಅವಳ ಕಣ್ಣು ಎನಿಡ್‌ಳನ್ನು ಹುಡುಕುತ್ತಿತ್ತು.

ಹನ್ನೆರಡು ವರ್ಷದ ಹಿಂದೆ, ನವೆಂಬರಿನಲ್ಲಿ, ಹೆಸ್ಟರ್‌ಳ ಮಗಳು ಕ್ಲೆಮೆನ್ಸಿ ಮಿದುಳು ಜ್ವರಕ್ಕೆ ತುತ್ತಾಗಿ ಮೂರೇ ದಿನದಲ್ಲಿ ಹೋಗಿಬಿಟ್ಟಳು. ಹನ್ನೊಂದು ವರ್ಷದ ಹುಡುಗಿ. ಹೆಸ್ಟರ್ ಹಾಸಿಗೆ ಬಿಟ್ಟು ಏಳಲಿಲ್ಲ. ಊಟ ಬಿಟ್ಟಳು, ಮಾತು ಬಿಟ್ಟಳು. ಕ್ರಿಸ್‌ಮಸ್ ಬಂದದ್ದೂ ಹೋದದ್ದೂ ಅವಳಿಗೆ ತಿಳಿಯದು. ಫೆಬ್ರವರಿಯ ಒಂದು ಬೆಳಿಗ್ಗೆ ಎನಿಡ್ ಬಂದು ಕಿಟಕಿಯ ಪರದೆ ಸರಿಸಿ, "ನಿನ್ನ ಹೆಲೆಬೋರ್ ಗಿಡದ ಬುಡದಲ್ಲಿ ಏನೋ ಬಂದಿದೆ ಕಣೇ. ನಂಗೆ ಗುರುತು ಹತ್ತಲಿಲ್ಲ, ನೀನೇ ಬಂದು ನೋಡು" ಎಂದು ಕೈಹಿಡಿದು ಎಬ್ಬಿಸಿದಳು.

ನೇರಳೆ ಬಣ್ಣದ ಹೆಲೆಬೋರ್ ಹೂಗಳ ಕೆಳಗೆ ಮೂರು ಬಿಳಿ ಹೂ. ಅದಕ್ಕೂ ನಾಲ್ಕು ವರ್ಷದ ಹಿಂದೆ ಅದೇ ಜಾಗದಲ್ಲಿ ಕ್ಲೆಮೆನ್ಸಿ ಮುಷ್ಟಿ ತುಂಬ ಸ್ನೋಡ್ರಾಪ್ ಬೀಜ ಎರಚಿದ್ದಳು. ಬೀಜ ಹೂವಾಗಲು ಅಷ್ಟೇ ವರ್ಷ ಬೇಕು. ಹೆಸ್ಟರ್ ಕೆಸರಿನಲ್ಲೇ ಮೊಣಕಾಲೂರಿ, ಮಗಳು ಹೋದ ಮೇಲೆ ಮೊದಲ ಬಾರಿಗೆ ಅತ್ತಳು. ಆಮೇಲೆ ಒಳಗೆ ಬಂದು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದಳು.

ಹೂವಿಗೆ 'ಕ್ಲೆಮೆನ್ಸಿ' ಎಂದೇ ಹೆಸರಿಟ್ಟಳು. ಸಂಗ್ರಾಹಕರು ಒಂದು ಗೆಡ್ಡೆಗಾಗಿ ದುಂಬಾಲು ಬಿದ್ದರೂ ಜಗ್ಗಲಿಲ್ಲ. ತನ್ನ ತೋಟಕ್ಕೆ ರೋಗ ತಗುಲಿದರೆ ಇನ್ನೊಂದು ಕಡೆಯಾದರೂ ಉಳಿಯಲಿ ಎಂದು ಎನಿಡ್‌ಗೆ ಮಾತ್ರ ಎರಡು ಗೆಡ್ಡೆ ಕೊಟ್ಟಿದ್ದಳು. ಯಾರಿಗೂ ಕೊಡುವುದಿಲ್ಲವೆಂದು ಎನಿಡ್ ಆಣೆ ಮಾಡಿದ್ದಳು.

ಎನಿಡ್ ಚಹಾದ ಮೇಜಿನ ಬಳಿ ನಿಂಬೆ ಕೇಕು ತಿನ್ನುತ್ತಿದ್ದಳು. ಹೆಸ್ಟರ್ ಅವಳ ತೋಳು ಹಿಡಿದು ಎಳೆದುಕೊಂಡೇ ಬಂದಳು. ಕುಂಡಗಳನ್ನು ಕಂಡದ್ದೇ ಎನಿಡ್‌ಳ ಮುಖ ಬಿಳಿಚಿಕೊಂಡಿತು.

"ಯಾರಿಗೆ ಕೊಟ್ಟೆ?"

"ಯಾರಿಗೂ ಕೊಟ್ಟಿಲ್ಲ."

"ಮತ್ತೆ ಇವೇನು, ಕಾಲು ಬಂದು ನಡ್ಕೊಂಡು ಬಂದ್ವಾ?"

"ಹೆಸ್ಟರ್, ಇದನ್ನ ಇಲ್ಲಿಗೇ ಬಿಡು. ದಮ್ಮಯ್ಯ ಅಂತೀನಿ, ಮನೆಗೆ ಹೋಗೋಣ ನಡಿ."

"ಎಷ್ಟಕ್ಕೆ ಮಾರಿದೆ ನನ್ನ ಮಗಳನ್ನ?"

ಸುತ್ತಲಿನವರು ಮಾತು ನಿಲ್ಲಿಸಿ ತಿರುಗಿದರು. ಎನಿಡ್ ತೋಳು ಬಿಡಿಸಿಕೊಂಡಳು. "ಕೊಟ್ಟ ಮಾತು ಉಳಿಸ್ಕೊಂಡಿದೀನಿ. ಅಷ್ಟು ಮಾತ್ರ ಹೇಳಬಲ್ಲೆ."

"ಇವತ್ತಿಂದ ನನ್ನ ಮನೆ ಗೇಟು ದಾಟಬೇಡ."

ಎನಿಡ್ ಅಳುತ್ತಲೇ ಹೊರಟುಹೋದಳು. ಮೂವತ್ತು ವರ್ಷದ ಗೆಳೆತನ. ಒಂದೇ ಒಂದು ಸಮಜಾಯಿಷಿಯನ್ನೂ ಕೊಡದೆ ಹೋದಳಲ್ಲ ಎಂದು ಹೆಸ್ಟರ್‌ಳ ಎದೆ ಉರಿಯಿತು. ತಪ್ಪು ಮಾಡದವಳು ಹಾಗೆ ಹೋಗುತ್ತಾಳೆಯೇ?

ಹೆಸ್ಟರ್‌ಳ ಗಂಡ ಲಯನೆಲ್ ಹೊರಗೆ ಕಾರಿನಲ್ಲಿ ಪತ್ರಿಕೆ ಓದುತ್ತಾ ಕೂತಿದ್ದ. ಅವನು ಸಂತೆಯೊಳಗೆ ಬರುವವನಲ್ಲ. ಗಿಡಗಳ ಗೊಡವೆ ಅವನಿಗಿಲ್ಲ. ಹೆಸ್ಟರ್ ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದಳು. ಎಲ್ಲ ಕೇಳಿದ ಮೇಲೆ ಅವನು, "ಎನಿಡ್ ಏನಂದಳು?" ಎಂದ.

"ಏನಂತಾಳೆ? ಬಾಯಿ ಮುಚ್ಕೊಂಡು ಹೋದಳು."

ಲಯನೆಲ್ ಪತ್ರಿಕೆಯನ್ನು ನಿಧಾನವಾಗಿ ಮಡಿಸಿದ. "ಹೋಗಲಿ ಬಿಡು. ಮನೆಗೆ ಹೋಗೋಣ ಬಾ."

"ನೀನೂ ಅದನ್ನೇ ಹೇಳ್ತೀಯಲ್ಲ! ಹೆತ್ತ ಅಪ್ಪ ಅಲ್ವಾ ನೀನು? ಏಳು, ಒಳಗೆ ಬಾ. ಆ ಮುದುಕನ ಬಾಯಿಂದ ಅವಳ ಹೆಸರು ಹೊರಡಿಸ್ತೀನಿ. ನಿನ್ನ ಕಿವಿಯಾರೆ ಕೇಳು."

"ಬೇಡ ಹೆಸ್ಟರ್."

ಅವಳು ಆಗಲೇ ಕಾರಿನ ಬಾಗಿಲು ತೆಗೆದು ಅವನ ಕೋಟಿನ ತೋಳು ಹಿಡಿದಿದ್ದಳು. ಲಯನೆಲ್ ಕೊಸರಲಿಲ್ಲ. ಒಂದು ಹೆಜ್ಜೆ ಹಿಂದೆ, ತಲೆ ತಗ್ಗಿಸಿಕೊಂಡು, ಮೇಜುಗಳ ನಡುವೆ ಅವಳನ್ನು ಹಿಂಬಾಲಿಸಿದ.

ಕೌಲಿಂಗ್ ತಲೆಯೆತ್ತಿದ. ಹೆಸ್ಟರ್ ಬಾಯಿ ತೆರೆಯುವ ಮೊದಲೇ ಅವನ ನೋಟ ಅವಳ ಭುಜದಾಚೆ ಹೋಯಿತು. ಮುಖ ಅರಳಿತು.

"ಅರೆ, ನೀವಾ ಸ್ವಾಮಿ! ಮಗಳು ತೀರಿಕೊಂಡ ಚಳಿಗಾಲ, ಆ ಹಿಮದಲ್ಲಿ ಅಷ್ಟು ದೂರ ಗಾಡಿ ಓಡಿಸ್ಕೊಂಡು ಬಂದು, ಹೂ ಬಿಟ್ಟಿರೋವೇ ಬೇಕು ಅಂತ ಮೂರು ಗೆಡ್ಡೆ ಒಯ್ದಿದ್ರಲ್ಲ... ಹಾಸಿಗೆ ಹಿಡಿದಿದ್ದ ನಿಮ್ಮ ಹೆಂಡ್ತಿ, ಕೊನೆಗೂ ಎದ್ದರಾ?"