ಮಂಗಟ್ಟೆಗೆ ಅತ್ತಿಹಣ್ಣು

ಸಣ್ಣದೊಂದು ಸಂದಿ ಬಿಟ್ಟು ಪೊಟರೆಯ ಬಾಯನ್ನೆಲ್ಲ ಮೆತ್ತಿಕೊಂಡು, ಹೆಣ್ಣು ಮಂಗಟ್ಟೆ ಹಕ್ಕಿ ಮರಿಯ ಜೊತೆ ಒಳಗೆ ಕೂತಿತ್ತು. ಆ ಸಂದಿಯಲ್ಲಿ ಗಂಡು ಹಣ್ಣು ಉಣಿಸುವ ಅಪರೂಪದ ಫೋಟೋ ತೆಗೆಯಲೆಂದೇ ಛಾಯಾಗ್ರಾಹಕರೊಬ್ಬರು ಬೆಟ್ಟ ಹತ್ತಿ ಬಂದಿದ್ದರು. ಮಧ್ಯಾಹ್ನವಾದರೂ ಗಂಡಿನ ಸುಳಿವಿಲ್ಲ.

ದಾರಿ ತೋರಿಸಲು ಬಂದವನು, ಹಿಂದಿನ ದಿನ ಅವರನ್ನು ತನ್ನ ಮನೆಗೆ ಕರೆದು ಬಾಡೂಟ ಹಾಕಿದವನು, ಅತ್ತಿಹಣ್ಣಿನ ಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತತೊಡಗಿದ.

"ಇಳಿ ಕೆಳಗೆ. ನಿನ್ನನ್ನು ಕಂಡರೆ ಗಂಡು ಹತ್ತಿರ ಬರಲ್ಲ."

"ಅದು ಇನ್ನು ಬರಲ್ಲ ಸರ್."

"ನಿನಗೆ ಹೇಗೆ ಗೊತ್ತು?"

ಅವನು ಕೆಳಗೆ ನೋಡಲಿಲ್ಲ.

"ನಿನ್ನೆ ಮನೇಲಿ ಕೋಳಿ ಇರಲಿಲ್ಲ ಸರ್. ನೀವು ಊಟಕ್ಕೆ ಬರ್ತೀರಿ ಅಂತ ಅಪ್ಪ ಕೋವಿ ತಗೊಂಡು ಈ ಕಡೆಗೇ ಬಂದಿದ್ದರು."